ಗುರುವಾರದ ಸಂದರ್ಶನ ಮತ್ತು ಶಾರದಕ್ಕನ ಜ್ವರ

ಎರಡು ವರ್ಷಗಳ ಹಿಂದಿನ ಮಾತು. ನಾಗಪುರದಲ್ಲಿ ಆಗಷ್ಟೇ ಬಿಸಿಲು ಏರತೊಡಗಿತ್ತು. ನಾನು ಬಾಗಲಕೋಟೆ ಕಡೆಯವಳು. ಎಂ.ಡಿ. ಓದಲು ಈ ಊರಿಗೆ ಬಂದು, ಮುಗಿದ ಮೇಲೂ ಇಲ್ಲಿಯ ಒಂದು ಆಸ್ಪತ್ರೆಯಲ್ಲೇ ಉಳಿದಿದ್ದೆ. ಬೆಳಿಗ್ಗೆ ರೋಗಿಗಳನ್ನು ನೋಡುವುದು, ಮಧ್ಯಾಹ್ನದ ಮೇಲೆ ಸಂಶೋಧನೆ. ಜೊತೆಗೆ ಓದಿದವರೆಲ್ಲ ತಮ್ಮ ತಮ್ಮ ಊರಿಗೆ ಹೋಗಿ ಕ್ಲಿನಿಕ್ ತೆರೆದಿದ್ದರು. ನಾನು ಒಂದು ಕೋಣೆ ಬಾಡಿಗೆ ಹಿಡಿದು, ಡಬ್ಬಿ ಊಟ ತರಿಸಿಕೊಂಡು ಒಬ್ಬಳೇ ಇದ್ದೆ. ದಿನವಿಡೀ ಮರಾಠಿ, ಹಿಂದಿ. ಭಾನುವಾರ ಅವ್ವನಿಗೆ ಫೋನ್ ಮಾಡಿದಾಗ ಒಂದಿಷ್ಟು ಕನ್ನಡ.

ಆಗ ನಾನು ಒಂದು ಚಿಕ್ಕ ಔಷಧಿ ಪ್ರಯೋಗ ನೋಡಿಕೊಳ್ಳುತ್ತಿದ್ದೆ. ಕೀಲುವಾತದವರಿಗೆ ವಾರಕ್ಕೊಮ್ಮೆ ಕೊಡುವ ಹಳೆಯ ಮಾತ್ರೆಯೊಂದರ ಪ್ರಮಾಣವನ್ನು ಸ್ವಲ್ಪ ಬೇಗ ಏರಿಸಿದರೆ ನೋವು ಬೇಗ ಇಳಿಯುತ್ತದೆಯೇ ಎಂದು ತಿಳಿಯುವ ಕೆಲಸ. ಹೆಸರು ನಮ್ಮ ವಿಭಾಗದ ಸೀನಿಯರ್ ಸರ್ ಅವರದು, ಓಡಾಟ ನನ್ನದು. ನನ್ನಂಥ ಕಿರಿಯ ವೈದ್ಯರು ಹಿರಿಯರ ಕೈಕೆಳಗಿನಿಂದ ಹೊರಬಂದು ಸ್ವಂತವಾಗಿ ಪ್ರಯೋಗ ನಡೆಸಲೆಂದು ಕೆಲವು ವರ್ಷ ಸಂಬಳವನ್ನೂ ಸಂಶೋಧನೆಯ ಖರ್ಚನ್ನೂ ಕೊಡುವ ಒಂದು ಅನುದಾನವಿದೆ. ಅದಕ್ಕೆ ಅರ್ಜಿ ಹಾಕಿದ್ದೆ. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಂಪ್ಯೂಟರಿನ ಮೇಲೆ ಸಂದರ್ಶನ ಎಂದು ಕರೆ ಬಂತು. ಅದು ಸಿಗದಿದ್ದರೆ ಬೇಸಿಗೆ ಮುಗಿಯುವಷ್ಟರಲ್ಲಿ ನನ್ನ ಹುದ್ದೆಯೂ ಮುಗಿಯುತ್ತಿತ್ತು.

ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಅವ್ವನಿಗೆ ಹೇಳಿದರೆ, "ಅದೆಲ್ಲಾ ಇರ್ಲಿ, ಊರಿಗೆ ಯಾವಾಗ ಬರ್ತಿ?" ಅಂದಳು. ಕೊನೆಗೆ ಹೇಳಿದ್ದು ಶಾರದಕ್ಕನಿಗೆ.

ಇದು ಅವರ ನಿಜವಾದ ಹೆಸರಲ್ಲ. ಅವರು ನನ್ನ ಪ್ರಯೋಗದಲ್ಲಿದ್ದ ರೋಗಿ. ಮೂಲ ಗದಗಿನ ಕಡೆ, ಗಂಡನಿಗೆ ರೈಲ್ವೆಯಲ್ಲಿ ಕೆಲಸ, ನಾಗಪುರದ ಪಕ್ಕದ ಕಾಮಠಿಯಲ್ಲಿ ಮನೆ. ಎರಡು ವಾರಕ್ಕೊಮ್ಮೆ ತಪಾಸಣೆಗೆ ಬರುತ್ತಿದ್ದರು. ಹತ್ತು ನಿಮಿಷದ ಕೆಲಸ. ಕನ್ನಡ ಕೇಳುವ ಆಸೆಗೆ ನಾನೇ ಅದನ್ನು ಅರ್ಧ ಗಂಟೆ ಎಳೆಯುತ್ತಿದ್ದೆ.

ಸಂದರ್ಶನದ ವಿಷಯ ಕೇಳಿ ಅವರು ನಕ್ಕರು. "ಇಷ್ಟ ಓದಿದ್ರೂ ನಿಮಗ ಇನ್ನೂ ಪರೀಕ್ಷಾ ಮುಗೀಲಿಲ್ಲೇನ್ರಿ ಬಾಯಾರ?"

"ಇದೊಂದ ಆದ್ರ ಮುಗೀತ್ರಿ ಅಕ್ಕಾರ. ನೀವೆಲ್ಲಾ ಆರಾಮ ಇದ್ರ ನಾನು ಪಾಸಾದಂಗ," ಅಂದೆ. ನಗುತ್ತಲೇ ಅಂದದ್ದು.

ಬುಧವಾರ ಮಧ್ಯಾಹ್ನ ಅವರ ಗಂಡನ ಫೋನ್ ಬಂತು. "ಬಾಯಾರ, ಆಕೀಗೆ ಮೂರು ದಿನಾ ಆತ್ರಿ ಜ್ವರಾ. ಬಾಯಿ ತುಂಬಾ ಹುಣ್ಣ ಆಗ್ಯಾವ. ನೀರ ಸೈತ ಗಂಟಲದಾಗ ಇಳೀವಲ್ದು."

"ಜಲ್ದಿ ಆಟೋ ಮಾಡಿಕೊಂಡು ಕರ್ಕೊಂಡ ಬರ್ರಿ," ಅಂದೆ. ಬಂದ ಕೂಡಲೇ ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣಗಳು ಪೂರಾ ಇಳಿದಿದ್ದವು. ಆ ಮಾತ್ರೆಯಿಂದ ಹೀಗಾಗುವ ಸಂಭವವಿತ್ತು. ಅದಕ್ಕೇ ಜ್ವರ ಬಂದ ದಿನವೇ ತಿಳಿಸಬೇಕೆಂದು ಎಲ್ಲರಿಗೂ ಬರೆದುಕೊಟ್ಟಿದ್ದೆವು. ವಾರ್ಡಿಗೆ ಸೇರಿಸಿ ಸಲೈನ್ ಹಚ್ಚಿದ ಮೇಲೆ ನಾನು ಸಿಟ್ಟಿನಿಂದಲೇ ಕೇಳಿದೆ, "ಮೊದಲನೇ ದಿನಾನ ಯಾಕ ಫೋನ್ ಮಾಡ್ಲಿಲ್ರಿ?"

ಶಾರದಕ್ಕನಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಗಂಡನೇ ಹೇಳಿದರು. "ನಾ ಮಾಡ್ತೀನಂದ್ರ ಬಿಡ್ಲಿಲ್ರಿ. ಗುರುವಾರ ಬಾಯಾರ ಪರೀಕ್ಷಾ ಐತಿ, ನಾ ಬ್ಯಾನಿ ಬಿದ್ದೀನಂದ್ರ ಅವರು ಫೇಲ್ ಆಗ್ತಾರ, ಅದೊಂದ ಮುಗೀಲಿ ಅಂತ ಹಟಾ ಹಿಡದ್ಲು."

ಶಾರದಕ್ಕ ಕಣ್ಣು ಮುಚ್ಚಿಕೊಂಡಿದ್ದರು. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ.

ಇಂಥ ಘಟನೆಯನ್ನು ಇಪ್ಪತ್ನಾಲ್ಕು ಗಂಟೆಯೊಳಗೆ, ಪ್ರಯೋಗಗಳ ಮೇಲೆ ಕಣ್ಣಿಡುವ ಆಸ್ಪತ್ರೆಯ ನೈತಿಕ ಸಮಿತಿಗೆ ವರದಿ ಮಾಡಬೇಕು. ಸೀನಿಯರ್ ಸರ್ ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: "ನಾಳೆ ಮಧ್ಯಾಹ್ನದವರೆಗೆ ಟೈಮ್ ಇದೆ. ಇಂಟರ್‌ವ್ಯೂ ಮುಗಿಸಿಯೇ ಕಳಿಸು. ನಿಯಮವೂ ತಪ್ಪುವುದಿಲ್ಲ." ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಅವರ ಮಾತು ಕೇಳಬೇಕು ಎಂದು ಮನಸ್ಸಿಗೂ ಬಂತು, ಸುಳ್ಳು ಹೇಳುವುದಿಲ್ಲ.

ಆದರೂ ಸಂಜೆಯೇ ಬರೆಯಲು ಕೂತೆ. ತಡವಾಗಿ ತಿಳಿದುಬಂದ ಕಾರಣ ಎಂದು ಒಂದು ಕಡೆ ಬರೆಯಬೇಕಿತ್ತು. 'ರೋಗಿ ತಿಳಿಸಲಿಲ್ಲ' ಎಂದರೆ ಮುಗಿಯುತ್ತಿತ್ತು, ಅದು ನಿಜವೂ ಆಗಿತ್ತು. ಹಾಗೇ ಬರೆದು, ಅಳಿಸಿದೆ. ಆಮೇಲೆ, ನನ್ನ ಸಂದರ್ಶನದ ವಿಷಯವನ್ನು ನಾನೇ ರೋಗಿಗೆ ಹೇಳಿದ್ದೆ, ನನಗೆ ತೊಂದರೆಯಾಗದಿರಲೆಂದು ಅವರು ಜ್ವರವನ್ನು ಮುಚ್ಚಿಟ್ಟರು ಎಂದು ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದೆ.

ಮರುದಿನ ಸಂದರ್ಶನದಲ್ಲಿ ಕೇಳಿಯೇ ಕೇಳಿದರು: ಇಲ್ಲಿಯವರೆಗೆ ಯಾರಿಗಾದರೂ ಗಂಭೀರ ತೊಂದರೆಯಾಗಿದೆಯೇ? ಆಗಿದೆ, ನಿನ್ನೆ ತಿಳಿಯಿತು ಎಂದು ಎಲ್ಲವನ್ನೂ ಹೇಳಿದೆ. ಪರದೆಯ ಮೇಲಿದ್ದ ಐದು ಜನರಲ್ಲಿ ಹಿರಿಯ ವೈದ್ಯೆಯೊಬ್ಬರು ಕೇಳಿದರು, "ರೋಗಿಗೆ ನೀವು ಆಡಿದ ಮಾತನ್ನು ನಮಗೆ ಹೇಳದೆಯೂ ಇರಬಹುದಿತ್ತಲ್ಲ?"

"ಹೇಳದಿದ್ದರೆ ಮುಂದಿನ ರೋಗಿಯೂ ಹೀಗೇ ಸುಮ್ಮನಿದ್ದುಬಿಡುತ್ತಾರೆ, ಮೇಡಂ," ಅಂದೆ.

ಅವರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ಪರದೆ ಕಪ್ಪಾಯಿತು. ಹೇಗಾಯಿತು ಎಂದು ಕೇಳುವವರು ಯಾರೂ ಇರಲಿಲ್ಲ. ಡಬ್ಬಿ ಬಂದಿತ್ತು, ತೆರೆಯಲು ಮನಸ್ಸಾಗಲಿಲ್ಲ. ಎದ್ದು ವಾರ್ಡಿಗೆ ಹೋದೆ.

ನಾಲ್ಕನೆಯ ದಿನ ಶಾರದಕ್ಕನ ಜ್ವರ ಇಳಿಯಿತು. ಬಾಯಿ ತೆರೆಯಲು ಆದ ಕೂಡಲೇ ಕೇಳಿದ್ದು, "ಪಾಸಾದೇನವಾ?" ಅಲ್ಲಿಯವರೆಗೆ ಬಾಯಾರ ಎನ್ನುತ್ತಿದ್ದವರು ಅಂದು ಮಗಳನ್ನು ಕೇಳಿದ ಹಾಗೆ ಕೇಳಿದರು. ನನಗೆ ಅಳು ತಡೆಯಲಾಗಲಿಲ್ಲ. ಡಾಕ್ಟರು ರೋಗಿಯ ಮುಂದೆ ಹಾಗೆ ಅಳಬಾರದು. ಅತ್ತುಬಿಟ್ಟೆ.

ಮನೆಗೆ ಹೋಗುವ ದಿನ ಅವರ ಗಂಡ, ಇನ್ನು ಪ್ರಯೋಗದಲ್ಲಿ ಇರುವುದು ಬೇಡ ಎಂದು ತಾವಿಬ್ಬರೂ ಮಾತಾಡಿಕೊಂಡಿದ್ದನ್ನು ತಿಳಿಸಿದರು. "ಸಿಟ್ಟಿಲ್ರಿ ಬಾಯಾರ. ಅಂಜಿಕಿ ಬಂದೈತಿ, ಅಷ್ಟ." ಶಾರದಕ್ಕ ನನ್ನ ಮುಖ ನೋಡದೆ ಕಾಗದಕ್ಕೆ ಸಹಿ ಹಾಕಿದರು. ಅವರ ಚಿಕಿತ್ಸೆ ಬೇರೆ ವೈದ್ಯರ ಕೈಗೆ ಹೋಯಿತು.

ಆ ವರ್ಷ ಅನುದಾನ ನನಗೆ ಸಿಗಲಿಲ್ಲ. ಕಾರಣ ಏನೆಂದು ತಿಳಿಸಲಿಲ್ಲ. ಊರ ಹೊರಗಿನ ಬುಟಿಬೋರಿಯ ಒಂದು ಕಾರ್ಖಾನೆಯ ದವಾಖಾನೆಯಲ್ಲಿ ಕೆಲಸ ಹಿಡಿದು, ಒಂದು ವರ್ಷ ಬಸ್ಸಿನಲ್ಲಿ ಓಡಾಡಿದೆ. ಬಸ್ಸಿನಲ್ಲೇ ಹೊಸ ಅರ್ಜಿ ಬರೆದೆ. ಪ್ರತಿ ವಾರ ರೋಗಿಗಳಿಗೆ ನನ್ನ ಬದಲು ಒಬ್ಬ ನರ್ಸ್ ಫೋನ್ ಮಾಡಿ ವಿಚಾರಿಸಬೇಕು ಎಂಬುದು ಅದರಲ್ಲಿತ್ತು. ಈ ಸಲ ಸಿಕ್ಕಿತು. ಈಗ ನನ್ನದೇ ಪ್ರಯೋಗ ನಡೆದಿದೆ. ರೋಗಿಗಳೊಂದಿಗೆ ನನ್ನ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಅನುದಾನದ ಪತ್ರ ಬಂದ ದಿನ ಅವ್ವನಿಗಿಂತ ಮೊದಲು ಶಾರದಕ್ಕ ನೆನಪಾದರು. ಫೋನ್ ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟೆ. ಅವರು ಜ್ವರ ಮುಚ್ಚಿಟ್ಟದ್ದು ತಪ್ಪು, ಮುಚ್ಚಿಡುವಂತೆ ಮಾಡಿದ ನನ್ನದು ಇನ್ನೂ ದೊಡ್ಡ ತಪ್ಪು. ಆದರೂ ಇಷ್ಟು ದೊಡ್ಡ ಊರಿನಲ್ಲಿ ನನ್ನ ಪರೀಕ್ಷೆ ಚೆನ್ನಾಗಿ ಆಗಲೆಂದು ಕಾದವರು ಅವರೊಬ್ಬರೇ.