ಬಾರದ ಅತಿಥಿಗೆ ನಮಸ್ಕಾರ

ಕಳೆದ ಗುರುವಾರ ಸಾಗರದ ನಮ್ಮ ಕ್ಲಬ್ಬಿನ ವಾರದ ಸಭೆಗೆ ಉಪನ್ಯಾಸಕರೇ ಬರಲಿಲ್ಲ. ಬ್ಯಾನರಿನಲ್ಲಿ ಅವರ ನಗುಮುಖ ಇತ್ತು, ವೇದಿಕೆಯ ಮೇಲೆ ಕುರ್ಚಿ ಇತ್ತು, ಹಿಂದಿನ ಕೋಣೆಯಿಂದ ಕೇಸರಿಬಾತಿನ ಏಲಕ್ಕಿ ವಾಸನೆ ಘಮ್ಮೆಂದು ಬರುತ್ತಿತ್ತು. ಅವರೊಬ್ಬರನ್ನು ಬಿಟ್ಟು ಉಳಿದದ್ದೆಲ್ಲ ಸರಿಯಾಗಿಯೇ ಇತ್ತು. ನಮ್ಮ ಕಾರ್ಯದರ್ಶಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಚುರುಕಿನ ಯುವಕ. ಅವನು ನನ್ನ ಕಿವಿಯ ಹತ್ತಿರ ಬಗ್ಗಿ, "ಹೇಗೂ ನೀವಿದ್ದೀರಲ್ಲ ಸಾರ್, ಒಂದೆರಡು ಮಾತಾಡ್ತೀರಾ?" ಎಂದ.

ಆ 'ಹೇಗೂ ಇದ್ದೀರಲ್ಲ' ಎನ್ನುವುದು ನನಗೆ ಚುಚ್ಚಿತು ನೋಡಿ. ಗಂಟಲು ಮುಟ್ಟಿಕೊಂಡು ಸಣ್ಣಗೆ ಕೆಮ್ಮಿದೆ. ಜೀವಮಾನವೆಲ್ಲ ಔಷಧಿ ಅಂಗಡಿ ನಡೆಸಿದವನಿಗೆ ಬೇಕಾದಾಗ ಒಂದು ಕೆಮ್ಮು ತಂದುಕೊಳ್ಳುವುದು ಕಷ್ಟವಲ್ಲ. ಅಧ್ಯಕ್ಷರು ಒಂದಷ್ಟು ಹೊತ್ತು ಕಾದು, ಗಂಟೆ ಬಾರಿಸಿ, ರಾಷ್ಟ್ರಗೀತೆ ಹಾಡಿಸಿ ಸಭೆ ಮುಗಿಸಿದರು. ಬೇಗ ಮನೆಗೆ ಬಂದವನನ್ನು ಕಂಡು ಹೆಂಡತಿ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು "ಹೂವಪ್ಪ ಮೇಷ್ಟ್ರು ಇರ್ಬೇಕಾಗಿತ್ತು" ಎಂದು ಒಳಗೆ ಹೋದಳು. ನನಗೆ ಊಟ ರುಚಿಸಲಿಲ್ಲ.

ಹೂವಪ್ಪ ಮೇಷ್ಟ್ರು ಯಾರು ಎಂದು ಹೇಳಬೇಕಾದರೆ ನಿಮ್ಮನ್ನು ಒಂದಿಷ್ಟು ಹಿಂದಕ್ಕೆ, ಹೊಸನಗರಕ್ಕೆ ಕರೆದುಕೊಂಡು ಹೋಗಬೇಕು. ಆಗ ನನ್ನ ಅಂಗಡಿ ಅಲ್ಲಿತ್ತು. ಅಲ್ಲಿನ ಕ್ಲಬ್ಬಿಗೆ ನಾನು ಕಾರ್ಯಕ್ರಮ ಸಂಚಾಲಕ. ಅಂದರೆ ಪ್ರತಿ ಗುರುವಾರ ಸಂಜೆ, ಬಸ್ ಸ್ಟ್ಯಾಂಡಿನ ಹತ್ತಿರದ ಸೊಸೈಟಿ ಕಟ್ಟಡದ ಮಹಡಿಯ ಮೇಲೆ ಮಾತಾಡಲು ಒಬ್ಬ ಮನುಷ್ಯನನ್ನು ಹಿಡಿದು ತರುವ ಕೆಲಸ ನನ್ನದು. ಔಷಧಿ ಅಂಗಡಿಯವನಿಗೆ ಡಾಕ್ಟರುಗಳ ಪರಿಚಯ ಇರುತ್ತದೆ ಎನ್ನುವ ಒಂದೇ ಯೋಗ್ಯತೆಯ ಮೇಲೆ ನನ್ನನ್ನು ಆರಿಸಿದ್ದರು. ಮೊದಮೊದಲು ಸಲೀಸಾಗಿಯೇ ನಡೆಯಿತು. ಆದರೆ ಹೊಸನಗರ ಎಷ್ಟು ದೊಡ್ಡ ಊರು ಹೇಳಿ? ಮಾತಾಡಬಲ್ಲವರೆಲ್ಲ ಮಾತಾಡಿ ಮುಗಿದ ಮೇಲೆ ತೀರ್ಥಹಳ್ಳಿಗೆ, ಸಾಗರಕ್ಕೆ, ಶಿವಮೊಗ್ಗಕ್ಕೆ ಫೋನು ಹಚ್ಚತೊಡಗಿದೆ. ಅಲ್ಲಿಂದ ಶುರುವಾಯಿತು ಪಜೀತಿ.

ಹೊರಗಿನ ಉಪನ್ಯಾಸಕರಲ್ಲಿ ಎರಡು ಜಾತಿ. ಬರುವವರು, ಬಾರದವರು. ಬರುವವರಿಗೆ ಕಡೇ ಬಸ್ಸಿನ ಚಿಂತೆ. ಪರಿಚಯ ಭಾಷಣದವರು ಅವರು ಹುಟ್ಟಿದ ಊರಿನಿಂದ ಹಿಡಿದು ಕಾಲೇಜಿನಲ್ಲಿ ಆಡಿದ ಕಬಡ್ಡಿಯವರೆಗೆ ಓದುತ್ತಿದ್ದರೆ, ಅವರು ಬೆವರು ಒರೆಸಿಕೊಳ್ಳುತ್ತ ಗಡಿಯಾರ ನೋಡುತ್ತಿದ್ದರು. ಬಾರದವರದು ಇನ್ನೂ ಸುಲಭ. ಕೋಣಂದೂರಿನಲ್ಲಿ ಬಸ್ಸು ಕೆಟ್ಟಿದೆ ಎಂದೋ, ರಸ್ತೆಗೆ ಮರ ಬಿದ್ದಿದೆ ಎಂದೋ ಫೋನು ಮಾಡಿದರಾಯಿತು. ಮಾಘ ಮಾಸದಲ್ಲೂ ನಮ್ಮ ಉಪನ್ಯಾಸಕರ ದಾರಿಗೆ ಮರಗಳು ಬೀಳುತ್ತಿದ್ದವು.

ಇಂಥ ಹೊತ್ತಿನಲ್ಲಿ ನಮ್ಮನ್ನು ಕಾಪಾಡುತ್ತಿದ್ದವರು ಹೂವಪ್ಪ ಮೇಷ್ಟ್ರು. ನಿಟ್ಟೂರು ಕಡೆಯ ರೈತರ ಮನೆಯವರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿ ಪೇಟೆಯಲ್ಲೇ ಮನೆ ಮಾಡಿಕೊಂಡಿದ್ದರು. ಪ್ರತಿ ಗುರುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಎರಡನೇ ಸಾಲಿನ ಕೊನೆಯಲ್ಲಿ ಕೂರುವರು. ಅತಿಥಿ ಬರಲಿಲ್ಲವೆಂದು ಖಾತ್ರಿಯಾದ ಕೂಡಲೇ ಅಧ್ಯಕ್ಷರು ಅವರತ್ತ ನೋಡುವರು. ಮೇಷ್ಟ್ರು ಎದ್ದು, ಕಪ್ಪು ಹಲಗೆಯ ಮೇಲೆ ಆ ದಿನದ ವಿಷಯ ಏನೆಂದು ಓದಿಕೊಂಡು, ಅದರ ಮೇಲೇ ಮಾತಾಡುವರು. ಒಮ್ಮೆ 'ಹೃದ್ರೋಗ ಮತ್ತು ನಾವು' ಎಂದಿತ್ತು. "ಹೃದಯದ ಬಗ್ಗೆ ನಂಗೆ ಗೊತ್ತಿರದು ಅದು ಎಡಗಡೆ ಉಂಟು ಅನ್ನದಷ್ಟೇ" ಎಂದು ಶುರು ಮಾಡಿ, ತಾವು ಹುಡುಗಿಯನ್ನು ನೋಡಲು ಹೋದ ದಿನ ಆ ಮನೆಯ ಮೆಟ್ಟಿಲು ಹತ್ತುವಾಗ ಎದೆ ಹೇಗೆ ಹೊಡೆದುಕೊಂಡಿತೆಂದು ಹೇಳಿದರು. ಮುಂದಿನ ಸಾಲಿನಲ್ಲಿದ್ದ ಸರ್ಕಾರಿ ಡಾಕ್ಟರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. 'ಆದಾಯ ತೆರಿಗೆ' ಎಂದಿದ್ದ ದಿನ ತಮ್ಮ ಮೊದಲ ಸಂಬಳವನ್ನು ಅವ್ವ ಎಲ್ಲೆಲ್ಲಿ ಬಚ್ಚಿಟ್ಟಳು ಎಂದು ಹೇಳಿದ್ದು ಊರಿನವರಿಗೆಲ್ಲ ಬಾಯಿಪಾಠವಾಯಿತು. ಕ್ರಮೇಣ ಏನಾಯಿತೆಂದರೆ, ನಾನು ಹರಕೆ ಹೊತ್ತವನ ಹಾಗೆ ಬಸ್ಸಿನ ದಾರಿ ಕಾಯುತ್ತಿದ್ದರೆ, ಸದಸ್ಯರೆಲ್ಲ ಅತಿಥಿ ಬಾರದಿರಲಿ ಎಂದು ಬೇಡಿಕೊಳ್ಳತೊಡಗಿದರು.

ಜೀಪು ಓಡಿಸುವ ನಮ್ಮ ಸದಸ್ಯರೊಬ್ಬರು ಅವರಿಗೆ 'ಸ್ಟೆಪ್ನಿ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಮೇಷ್ಟ್ರಿಗೂ ಅದು ಗೊತ್ತಿತ್ತು. ಸ್ಟೆಪ್ನಿ ಇಲ್ಲದ ಗಾಡಿಯನ್ನು ನಮ್ಮ ಘಾಟಿ ರಸ್ತೆಗೆ ಇಳಿಸಬಾರದು ಎಂದು ತಾವೇ ನಗುತ್ತಿದ್ದರು. ಆದರೆ ಒಂದು ದಿನ ನನ್ನ ಅಂಗಡಿಗೆ ಬಿ.ಪಿ. ಮಾತ್ರೆಗೆ ಬಂದವರು, ಬಾಗಿಲಿಗೆ ಅಂಟಿಸಿದ್ದ ಆ ತಿಂಗಳ ಆಮಂತ್ರಣವನ್ನು ಮೇಲಿಂದ ಕೆಳಗೆ ಓದಿ, ಮತ್ತೊಮ್ಮೆ ಮೇಲಿಂದ ಓದಿ, "ಇದ್ರಾಗೆ ನಂದೂ ಒಂದ್ಸಲ ಹೆಸರು ಬರ್ತದಾ ಭಟ್ರೇ?" ಎಂದರು. ನಗುತ್ತಲೇ ಕೇಳಿದರು. ಆದರೆ ಮಾತ್ರೆಯ ಪೊಟ್ಟಣ ಕೌಂಟರಿನ ಮೇಲೇ ಬಿಟ್ಟು ಹೋದರು. ಅದನ್ನು ಹಿಡಿದುಕೊಂಡು ಅವರ ಹಿಂದೆ ಓಡುವಾಗ ನನಗೆ ಹೊಳೆಯಿತು, ಈ ಮನುಷ್ಯನಿಗೆ ಒಮ್ಮೆಯಾದರೂ ಕರೆಸಿಕೊಂಡು ಮಾತಾಡಬೇಕೆಂಬ ಆಸೆ ಇದೆ.

ಕಮಿಟಿಯಲ್ಲಿ ಪ್ರಸ್ತಾಪ ಮಾಡಿದೆ. ಅಧ್ಯಕ್ಷರು ಕಂಟ್ರಾಕ್ಟರು, ಒಳ್ಳೆಯ ಮನುಷ್ಯರೇ. ಆದರೂ, ಇಲ್ಲೇ ಇರುವವರನ್ನು ಕರೆಯುವುದು ಎಂತಕ್ಕೆ, ಅವರು ಹೇಗೂ ಬರುತ್ತಾರಲ್ಲ ಎಂದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಔಷಧಿ ಮಾರುವವನಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹಟ ಹಿಡಿದು ಕೂತೆ. ಕೊನೆಗೆ ಒಪ್ಪಿದರು. ಮೇಷ್ಟ್ರಿಗೆ ಹೋಗಿ ಹೇಳಿದಾಗ, ವಿಷಯ ಅವರ ಬಾಯಲ್ಲೇ ಇತ್ತು. ಮಕ್ಕಳ ತಪ್ಪು ಲೆಕ್ಕಗಳು. ಸರಿ ಉತ್ತರ ಎಲ್ಲರದೂ ಒಂದೇ, ತಪ್ಪು ಉತ್ತರ ಮಾತ್ರ ಒಂದೊಂದು ಮಗುವಿನದು ಒಂದೊಂದು ದಾರಿ, ಅದನ್ನೇ ಇಷ್ಟು ವರ್ಷ ನೋಡುತ್ತ ಬಂದೆ ಎಂದರು. ನನಗೆ ರೋಮಾಂಚನವಾಯಿತು.

ಆ ಗುರುವಾರ ಮಹಡಿ ತುಂಬಿತ್ತು. ಮೇಷ್ಟ್ರು ಹೊಸ ಅಂಗಿ ಹಾಕಿದ್ದರು, ಜೊತೆಗೆ ಹೆಂಡತಿಯೂ ಬಂದಿದ್ದರು. ಆಮಂತ್ರಣದಲ್ಲಿ ಅವರ ಹೆಸರು ದಪ್ಪ ಅಕ್ಷರದಲ್ಲಿತ್ತು. ಪರಿಚಯ ಭಾಷಣದವರಂತೂ ನಮಗೆಲ್ಲ ಗೊತ್ತಿದ್ದ ಮನುಷ್ಯನನ್ನು ಗುರುತೇ ಸಿಗದಂತೆ ಹೊಗಳಿದರು. ಮೇಷ್ಟ್ರು ಎದ್ದು, ಜೇಬಿನಿಂದ ಹಾಳೆಗಳ ಒಂದು ಕಟ್ಟು ತೆಗೆದು ಓದತೊಡಗಿದರು. 'ಗಣಿತ ಬೋಧನೆಯಲ್ಲಿ ದೋಷ ವಿಶ್ಲೇಷಣೆಯ ಮಹತ್ವ.' ನಾಲಗೆ ತೊಡರುತ್ತಿತ್ತು. ಹೃದ್ರೋಗದ ದಿನ ನಕ್ಕಿದ್ದ ಡಾಕ್ಟರು ಕಣ್ಣು ಮುಚ್ಚಿದರು. ಹಿಂದೆ ಕುರ್ಚಿಗಳು ಸದ್ದು ಮಾಡಿದವು. ಅಧ್ಯಕ್ಷರ ಕೈ ಗಂಟೆಯ ಹತ್ತಿರ ಹೋಗಿದ್ದನ್ನು ಮೇಷ್ಟ್ರು ನೋಡಿಬಿಟ್ಟರು. ಅರ್ಧಕ್ಕೇ ಹಾಳೆ ಮಡಚಿ ಕೈಮುಗಿದು ಕುಳಿತರು. ಶಾಲು ಹೊದಿಸಿದೆವು, ಹಣ್ಣಿನ ಬುಟ್ಟಿ ಕೊಟ್ಟೆವು, ಜೋರಾಗಿ ಚಪ್ಪಾಳೆಯನ್ನೂ ತಟ್ಟಿದೆವು. ಆ ಚಪ್ಪಾಳೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಟ್ಟಿತು.

ಮೆಟ್ಟಿಲು ಇಳಿಯುವಾಗ ಬುಟ್ಟಿ ಹಿಡಿದುಕೊಂಡು ಜೊತೆಗೆ ಹೋದೆ. ಕೆಳಗೆ ಬಂದ ಮೇಲೆ ಅವರೇ ನಿಂತು ಹೇಳಿದರು.

"ಇವತ್ತಿನ ಅತಿಥಿ ಬರದೆ ಇದ್ದಿದ್ರೆ ಚೊಲೋ ಇತ್ತು ಭಟ್ರೇ. ನಾನಾದ್ರೂ ಎದ್ದು ಮಾತಾಡ್ತಿದ್ದೆ."

ಮುಂದಿನ ಗುರುವಾರ ಎರಡನೇ ಸಾಲಿನ ಕೊನೆಯ ಕುರ್ಚಿ ಖಾಲಿ ಇತ್ತು. ಅದರ ಮುಂದಿನ ವಾರವೂ ಅಷ್ಟೇ. ಆಮೇಲೊಂದು ವಾರ ಶಿವಮೊಗ್ಗದ ವಕೀಲರು ಬರಲಿಲ್ಲ. ಸಭೆಯೆಲ್ಲ ಅಭ್ಯಾಸಬಲದಿಂದ ಆ ಕುರ್ಚಿಯತ್ತ ತಿರುಗಿ, ಮತ್ತೆ ನನ್ನತ್ತ ತಿರುಗಿತು. ಉಪ್ಪಿಟ್ಟು ತಿಂದು ಎದ್ದೆವು. ಉಪಕಾರ ಮಾಡಲು ಹೋಗಿ ಒಬ್ಬ ಮನುಷ್ಯನ ಮಾತನ್ನೇ ಕಿತ್ತುಕೊಂಡೆವಲ್ಲ ಎಂದು ನನಗೆ ಬಹಳ ಬೇಜಾರಾಯಿತು.

ಅವರ ಮನೆಗೆ ಹೋದೆ. ಮೇಷ್ಟ್ರ ಹೆಂಡತಿ ಮಜ್ಜಿಗೆ ತಂದುಕೊಟ್ಟು, ಇವರು ಮನೆಯಲ್ಲೂ ಮಾತು ಕಡಿಮೆ ಮಾಡಿದ್ದಾರೆ, ಗುರುವಾರ ಬಂದರೆ ಅಂಗಿ ಇಸ್ತ್ರಿ ಮಾಡಿ ಮತ್ತೆ ಗೂಟಕ್ಕೆ ಹಾಕುತ್ತಾರೆ ಎಂದು ಮೆಲ್ಲಗೆ ಹೇಳಿದರು. ಮೇಷ್ಟ್ರು ಸಿಟ್ಟಾಗಿರಲಿಲ್ಲ. ಬಾರದವರ ಜಾಗದಲ್ಲಿ ನಿಂತರೆ ಜನ ಏನನ್ನೂ ಬಯಸುವುದಿಲ್ಲ, ಸಿಕ್ಕಿದ್ದೇ ಲಾಭ ಎಂದುಕೊಳ್ಳುತ್ತಾರೆ, ಆಗ ನಾಲಗೆ ತಾನಾಗಿ ಓಡುತ್ತದೆ ಎಂದರು. "ಅವತ್ತು ಎಲ್ಲ ನಂಗೇ ಅಂತ ಬಂದಿದ್ರಲ್ಲ ಮಾರಾಯ್ರೇ, ಬಾಯೆಲ್ಲ ಒಣಗಿಹೋಯ್ತು. ಇನ್ನು ಕರೀಬೇಡಿ. ನೀವು ಕರೆದ್ರೆ ನಾನು ಬರಲ್ಲ."

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಕರೆದರೆ ಬರುವುದಿಲ್ಲ. ಸರಿ, ಹಾಗಾದರೆ ಕರೆಯುವುದು ಬೇಡ. ಅಧ್ಯಕ್ಷರ ಮನೆಗೇ ನೇರವಾಗಿ ಹೋಗಿ ನನ್ನ ಯೋಚನೆ ಹೇಳಿದೆ. ಅವರು ಮೊದಲು ನನಗೆ ಜ್ವರ ಬಂದಿದೆಯೋ ಎಂಬಂತೆ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕು, ಆಯ್ತು ಮಾಡಿ ಎಂದರು.

ಮುಂದಿನ ತಿಂಗಳ ಆಮಂತ್ರಣದಲ್ಲಿ ಧಾರವಾಡದ ಪ್ರೊಫೆಸರ್ ಮಧುಕರ ರಾವ್ ಎಂಬವರ ಹೆಸರು ಅಚ್ಚಾಯಿತು. ವಿಷಯ, 'ಮಕ್ಕಳ ತಪ್ಪು ಲೆಕ್ಕಗಳು.' ಅಂಥ ಪ್ರೊಫೆಸರು ಧಾರವಾಡದಲ್ಲೂ ಇರಲಿಲ್ಲ, ಎಲ್ಲೂ ಇರಲಿಲ್ಲ. ಅವರಿಗೆ ಎರಡು ಪದವಿಗಳನ್ನು ನಾನೇ ದಯಪಾಲಿಸಿದ್ದೆ. ಮಾತ್ರೆಗೆ ಬಂದ ಮೇಷ್ಟ್ರು ಬಾಗಿಲಲ್ಲಿ ನಿಂತು ಅದನ್ನು ಓದಿದರು. ಅವರ ಮುಖದಲ್ಲಿ ಸಣ್ಣದೊಂದು ಹೊಟ್ಟೆಕಿಚ್ಚು ಹಾದುಹೋದದ್ದನ್ನು ಕಂಡು ನನಗೆ ಪರಮ ಸಂತೋಷವಾಯಿತು.

ಗುರುವಾರ ಬಂದರು. ತಮ್ಮ ಹಳೆಯ ಜಾಗಕ್ಕೆ ಹೋಗದೆ ಮೆಟ್ಟಿಲ ಪಕ್ಕ, ಎಲ್ಲರಿಗಿಂತ ಹಿಂದೆ ಕುಳಿತರು. ಪ್ರಾರ್ಥನೆ ಆಯಿತು, ವರದಿ ಆಯಿತು. ನಾನು ಎರಡು ಸಲ ಕೆಳಗಿಳಿದು ರಸ್ತೆ ನೋಡಿ ಬಂದೆ, ಫೋನನ್ನು ಕಿವಿಗಿಟ್ಟು 'ಹಲೋ, ಹಲೋ' ಎಂದೆ. ಹೈಸ್ಕೂಲು ನಾಟಕದಲ್ಲಿ ದ್ವಾರಪಾಲಕನ ಪಾತ್ರದಿಂದಲೂ ನನ್ನನ್ನು ತೆಗೆದುಹಾಕಿದ್ದರು, ಅದು ಯಾಕೆಂದು ಆ ದಿನ ನೋಡಿದವರಿಗೆಲ್ಲ ಅರ್ಥವಾಗಿರಬೇಕು. ಕೊನೆಗೆ, ಪ್ರೊಫೆಸರರು ಇನ್ನೂ ಬಂದಿಲ್ಲ ಎಂದು ಹೇಳಿ ಕುಳಿತುಬಿಟ್ಟೆ. ಮೇಷ್ಟ್ರ ಕಡೆ ನೋಡಬಾರದು, ಕರೆಯಬಾರದು ಎಂದು ಅಧ್ಯಕ್ಷರಿಗೂ ಹೇಳಿದ್ದೆ. ಫ್ಯಾನಿನ ಸದ್ದೊಂದೇ. ಎದ್ದರೆ ಇವತ್ತು ಏಳಬೇಕು, ಇಲ್ಲದಿದ್ದರೆ ಈ ಮನುಷ್ಯ ಇನ್ನು ಯಾವತ್ತೂ ಏಳುವುದಿಲ್ಲ ಎಂದುಕೊಂಡೆ.

ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು. "ಅವ್ರು ಬರೋ ತನಕ ನಾನಿರ್ತೀನಿ. ಬಂದ ಕೂಡ್ಲೆ ಕೂರ್ತೀನಿ" ಎಂದು ಮೇಷ್ಟ್ರು ಮುಂದೆ ಬಂದರು.

ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಏಳರಲ್ಲಿ ಒಂಬತ್ತು ಕಳೆದರೆ ಎಷ್ಟು ಎಂದು ಕೇಳಿದಾಗ, "ಏಳೂ ಹಂಗೇ ಇರ್ತದೆ ಸಾರ್, ಒಂಬತ್ತಕ್ಕೆ ಹೋಗ್ಲಿಕ್ಕೇ ಆಗದಿಲ್ಲಲ್ಲ" ಎಂದ ಒಬ್ಬ ಹುಡುಗಿಯ ಕಥೆ ಹೇಳಿದರು. ಅರ್ಧಕ್ಕೆ ಅರ್ಧ ಸೇರಿದರೆ ಒಂದು ಎನ್ನುವುದನ್ನು ಕಡೆಯವರೆಗೂ ಒಪ್ಪದೆ, ಎರಡು ಹೋಳು ಕೂಡಿಸಿದರೆ ನಿಂಬೆಹಣ್ಣು ಆಗುವುದಿಲ್ಲ ಎಂದು ವಾದಿಸಿದವನ ಕಥೆ ಹೇಳಿದರು. ಅವರೆಲ್ಲರಿಗೂ ಸೊನ್ನೆ ಹಾಕಿದೆ, ಹಾಕಲೇಬೇಕಿತ್ತು, ಆದರೆ ಅವರು ಆ ಉತ್ತರಕ್ಕೆ ಹೇಗೆ ಹೋದರೆಂದು ಯೋಚಿಸುತ್ತ ಎಷ್ಟೋ ಸಂಜೆ ಸ್ಕೂಲಿನಲ್ಲೇ ಕೂತಿದ್ದೇನೆ, ನನ್ನ ಕೆಲಸದಲ್ಲಿ ನನಗೆ ಸುಖ ಕೊಟ್ಟದ್ದು ಅದೊಂದೇ ಎಂದರು. ಡಾಕ್ಟರು ಕಣ್ಣು ಮುಚ್ಚಲಿಲ್ಲ. ಅಧ್ಯಕ್ಷರು ಗಂಟೆಯನ್ನು ಮೇಜಿನ ಕೆಳಗಿಟ್ಟಿದ್ದರು. ಮೇಷ್ಟ್ರು ನಡುನಡುವೆ ಮೆಟ್ಟಿಲ ಕಡೆ ನೋಡುತ್ತಿದ್ದರು. ಯಾರೂ ಬಾರದ್ದನ್ನು ಕಂಡು ಮತ್ತೊಂದು ಕಥೆ ತೆಗೆಯುತ್ತಿದ್ದರು.

ಮುಗಿದ ಮೇಲೆ ಪ್ರೊಫೆಸರರಿಗೆಂದು ತಂದಿದ್ದ ಶಾಲನ್ನು ಅಧ್ಯಕ್ಷರು ಅವರಿಗೇ ಹೊದಿಸಲು ಹೋದರು. ಮೇಷ್ಟ್ರು ತಡೆದು, ಅದು ಬರಬೇಕಾದವರದು ಎಂದು ಮಡಚಿ ಮೇಜಿನ ಮೇಲಿಟ್ಟರು. ಎಲ್ಲರೂ ತಿಂಡಿಗೆ ಎದ್ದಾಗ ನನ್ನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು ಇತ್ತು.

"ನಿಮ್ಮ ಪ್ರೊಫೆಸರಿಗೆ ನನ್ನ ನಮಸ್ಕಾರ ತಿಳಿಸಿ ಭಟ್ರೇ. ಇಷ್ಟು ಚೆಂದಾಗಿ ಬರದೇ ಇದ್ದವ್ರನ್ನ ನಾನು ನೋಡಿರ್ಲಿಲ್ಲ."

ತಿಳಿಸುತ್ತೇನೆ ಎಂದೆ. ಅದರ ಬಗ್ಗೆ ನಾವಿಬ್ಬರೂ ಮತ್ತೆ ಯಾವತ್ತೂ ಮಾತಾಡಲಿಲ್ಲ. ಮುಂದಿನ ವಾರದಿಂದ ಅವರು ತಮ್ಮ ಕುರ್ಚಿಗೆ ಮರಳಿದರು. ಕಾಲು ಗಟ್ಟಿ ಇರುವ ತನಕ ಆ ಮಹಡಿ ಹತ್ತಿದರು. ಈಗ ಅವರಿಲ್ಲ.

ಈ ಬೆಳಿಗ್ಗೆ ಕಾರ್ಯದರ್ಶಿಗೆ ಫೋನು ಮಾಡಿ ನಾಳಿದ್ದು ಗುರುವಾರ ಯಾರು ಬರುತ್ತಾರೆ ಎಂದು ಕೇಳಿದೆ. ತೀರ್ಥಹಳ್ಳಿಯ ಹಲ್ಲಿನ ಡಾಕ್ಟರಂತೆ, ಖಂಡಿತ ಬರುತ್ತಾರಂತೆ, ಸ್ವಲ್ಪ ತಡವಾದರೂ ಆಗಬಹುದಂತೆ. ಹಲ್ಲಿನ ಬಗ್ಗೆ ನನಗೆ ಗೊತ್ತಿರುವುದು, ನನ್ನ ಬಾಯಲ್ಲಿ ಅವು ಹೆಚ್ಚು ಉಳಿದಿಲ್ಲ ಎನ್ನುವುದಷ್ಟೇ. ಆದರೂ ಹೇಳಿದೆ.

"ತಡವಾದ್ರೆ ಆಗ್ಲಿ. ಅವರು ಬರೋ ತನಕ ನಾನಿರ್ತೀನಿ."