ಅಕ್ಕ ಕೊಟ್ಟ ಮೂರು, ನಾನು ಬರೆದ ಐದು

ಅಕ್ಕನ ಬಲಗೈ ತೋರುಬೆರಳಿನ ಮೇಲೆ ಯಾವಾಗಲೂ ಹಲ್ಲಿನ ಗುರುತು ಇರುತ್ತಿತ್ತು. ಒಂದು ಮಾಯುವಷ್ಟರಲ್ಲಿ ಇನ್ನೊಂದು. ಅಗಿಯಲು ಬಾರದ ಮಕ್ಕಳ ಬಾಯಿಗೆ ಬೆರಳಿಟ್ಟು ದವಡೆ ಆಡಿಸುವುದನ್ನು ಕಲಿಸುವಾಗ ಅವು ಕಚ್ಚುತ್ತಿದ್ದವು. ಮೊದಲ ಸಲ ನೋಡಿದಾಗ ನಾನು ಗಾಬರಿಯಿಂದ ಏನಾಯಿತು ಎಂದು ಕೇಳಿದ್ದೆ. ಕೌದಳ್ಳಿಯ ಮಗುವೊಂದು ಕೊನೆಗೂ ಗಟ್ಟಿಯಾಗಿ ಕಚ್ಚಿತು ಎಂದು ಅವರು ಹಬ್ಬದ ಸುದ್ದಿ ಹೇಳುವವರಂತೆ ಹೇಳಿದರು.

ಊರೂರಿಗೆಲ್ಲ ಅವರು ಅಕ್ಕ, ನನಗೂ ಅಕ್ಕ. ಅಂಗವೈಕಲ್ಯವಿರುವ ಎಳೆಯ ಮಕ್ಕಳ ಮನೆಗೇ ಹೋಗಿ, ಮೂರು ವರ್ಷ ತುಂಬುವವರೆಗೆ ಕೂರಲು, ನಿಲ್ಲಲು, ಉಣ್ಣಲು ಕಲಿಸುವ ಸರ್ಕಾರದ ಯೋಜನೆಯೊಂದನ್ನು ನಮ್ಮ ಸಣ್ಣ ಸಂಸ್ಥೆ ಕೊಳ್ಳೇಗಾಲದಿಂದ ನಡೆಸುತ್ತಿತ್ತು. ಅಕ್ಕ ಹನೂರಿನ ಕಡೆಯ ಹಳ್ಳಿಗಳನ್ನು ಸುತ್ತುವವರು. ನಾನು ಫ್ಯಾನಿನ ಕೆಳಗೆ ಕೂತು ಅವರ ವರದಿಯನ್ನು ಕಂಪ್ಯೂಟರಿಗೆ ಹತ್ತಿಸುವವನು. ಪ್ರತಿ ಮಗುವಿಗೂ ತಿಂಗಳಿಗೊಮ್ಮೆ ಒಂದರಿಂದ ಐದರವರೆಗೆ ಅಂಕ. ಐದು ಎಂದರೆ ಮಗುವಿಗೆ ಇನ್ನು ನಮ್ಮ ನೆರವು ಬೇಡ ಎಂದರ್ಥ.

ಅಕ್ಕ ಫೈಲು ಕೊಟ್ಟು ಹೋಗುವವರಲ್ಲ. ಸ್ಟೂಲು ಎಳೆದುಕೊಂಡು ಕೂತು ಒಂದೊಂದು ಮಗುವಿನ ಕಥೆಯನ್ನೂ ಹೇಳುತ್ತಿದ್ದರು. ಕಂಪ್ಯೂಟರಿಗೆ ಬೇಕಾದದ್ದು ಒಂದು ಅಂಕಿ, ನನಗೆ ಬೇಕಾದದ್ದು ಐದು ಗಂಟೆಯ ಬಸ್ಸು. ಅದರ ಮೇಲೆ ಕೊಟ್ಟ ಅಂಕವನ್ನು ವಾಪಸು ಪಡೆಯುವ ಚಾಳಿ ಬೇರೆ. ಹೋದ ತಿಂಗಳು ಮಗುವನ್ನು ಅಜ್ಜಿ ಹಿಂದಿನಿಂದ ಹಿಡಿದುಕೊಂಡಿದ್ದಳು, ನಾನು ಗಮನಿಸಲಿಲ್ಲ, ಅದನ್ನು ಎರಡಕ್ಕೆ ಇಳಿಸು ಎನ್ನುವರು. ಇಳಿದ ಅಂಕವನ್ನು ನಮ್ಮ ಕಂಪ್ಯೂಟರು ಒಪ್ಪುತ್ತಿರಲಿಲ್ಲ, ಕೆಂಪು ಗೆರೆ ತೋರಿಸಿ ನಿಂತುಬಿಡುತ್ತಿತ್ತು. ನಾನು ಗೊಣಗಿದರೆ, 'ಮಗೀಗ ಜರ ಬಂದಿತ್ತು ಅಂತ ಅದ್ಕೇನಪ್ಪ ಗೊತ್ತು' ಎಂದು ಕಂಪ್ಯೂಟರಿನ ಪರವಾಗಿಯೇ ಮಾತಾಡುತ್ತಿದ್ದರು.

ವರ್ಷದ ಕೊನೆಯ ಪರಿಶೀಲನಾ ಸಭೆ ಹತ್ತಿರ ಬಂತು. ಅಂಕಗಳಲ್ಲಿ ಯಳಂದೂರಿನ ಕೇಂದ್ರ ಪ್ರತಿಸಲವೂ ನಮಗಿಂತ ಮುಂದಿರುತ್ತಿತ್ತು. ಏನಾದರೂ ಮಾಡಲು ಆಗುತ್ತದೆಯೇ ನೋಡಿ ಎಂದು ನಮ್ಮ ಮ್ಯಾನೇಜರು ನನಗೆ ಹೇಳಿ ಹೋದರು. ಸುಳ್ಳು ಬರೆ ಎಂದು ಅವರು ಹೇಳಲಿಲ್ಲ. ಹೇಳದೆ ಬಿಟ್ಟದ್ದನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ನಾನು ಜಾಣ. ಅಜ್ಜೀಪುರದ ಒಂದು ಹೆಣ್ಣುಮಗುವಿನ ಮೂರನ್ನು ಐದು ಮಾಡಿದೆ. ಅಕ್ಕ ಎಲ್ಲರಿಗಿಂತ ಹೆಚ್ಚು ಹೊಗಳುತ್ತಿದ್ದದ್ದು ಆ ಮಗುವನ್ನೇ. ಇವತ್ತಲ್ಲ ನಾಳೆ ಅದು ಕೂತೇ ಕೂರುತ್ತದೆ, ನಾನು ಸ್ವಲ್ಪ ಮುಂಚೆ ಬರೆದೆ ಅಷ್ಟೆ ಎಂದುಕೊಂಡೆ.

ಮುಂದಿನ ತಿಂಗಳ ಭೇಟಿಪಟ್ಟಿಯಲ್ಲಿ ಆ ಮಗುವಿನ ಹೆಸರು ತಾನಾಗಿಯೇ ಬಿಟ್ಟುಹೋಗಿತ್ತು. ಅಕ್ಕ ಪಟ್ಟಿ ಹಿಡಿದು ಬಂದರು. ಸಿಟ್ಟಾಗಲಿಲ್ಲ, ಸ್ಟೂಲನ್ನೂ ಎಳೆದುಕೊಳ್ಳಲಿಲ್ಲ.

'ನಾನ್ ಕೊಟ್ಟಿದ್ದು ಮೂರು ಕಣಪ್ಪ. ನೀನು ಐದು ಬರ್ದುಬುಟ್ರ ಅವ್ಳು ಎದ್ದು ಕುಂತ್ಕತಾಳಾ?'

ಸರಿಪಡಿಸುತ್ತೇನೆ ಎಂದೆ. ಅದಕ್ಕೆ ಯಾರು ಬದಲಿಸಿದರು, ಏಕೆ ಬದಲಿಸಿದರು ಎಂದು ಜಿಲ್ಲೆಗೆ ಪತ್ರ ಬರೆಯಬೇಕಿತ್ತು. ನನ್ನ ಹೆಸರು ಬರೆಯಲು ಕೈ ಏಳಲಿಲ್ಲ. ಅಕ್ಕ ಎರಡು ತಿಂಗಳು ಕೇಳಿದರು, ಆಮೇಲೆ ಬಿಟ್ಟರು. ಭಾನುವಾರಗಳಂದು ತಾವೇ ಬಸ್ಸು ಹಿಡಿದು ಅಜ್ಜೀಪುರಕ್ಕೆ ಹೋಗುತ್ತಿದ್ದಾರೆ ಎಂದು ಯಾರೋ ಹೇಳಿದಾಗ ನನಗೆ ನಿರಾಳವಾಯಿತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನಿಗೆ ಕಾಮಾಲೆ ಬಂತು. ಹದಿನೈದೇ ದಿನ, ಹೋಗಿಬಿಟ್ಟರು.

ಮುಳ್ಳೂರಿನ ಅವರ ಮನೆಯಲ್ಲಿ ನಡೆದ ತಿಥಿಗೆ ಹೋದೆ. ಅಜ್ಜೀಪುರದಿಂದ ಆ ಮಗುವಿನ ತಾಯಿಯೂ ಅದನ್ನು ಎತ್ತಿಕೊಂಡು ಬಂದಿದ್ದಳು. ಕಾಗದದಲ್ಲಷ್ಟೇ ಕಂಡಿದ್ದ ಮಗುವನ್ನು ಅವತ್ತೇ ಮೊದಲು ನೋಡಿದ್ದು. ಕತ್ತು ನಿಂತಿತ್ತು, ಸೊಂಟ ನಿಂತಿರಲಿಲ್ಲ. ನಾನು ಆಫೀಸಿನವನೆಂದು ಗೊತ್ತಾಗಿ ಆಕೆ ಹತ್ತಿರ ಬಂದಳು.

'ನಮ್ ಪಾಪ ಉಸಾರಾಗದ ಅಂತ ಆಪೀಸ್ನಲ್ಲಿ ಬರ್ಕಂಡವ್ರಂತ. ಬಂದು ನೋಡ್ದೋರು ಯಾರು ಸಾ? ಅಕ್ಕನ ಎಷ್ಟು ಕೇಳುದ್ರೂ ಯೋಳ್ನಿಲ್ಲ.'

ನಾನೇ, ನೋಡದೆ ಬರೆದೆ ಎಂದೆ. ಆಕೆ ಬೈಯಲಿಲ್ಲ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನವೇ ನನ್ನ ಹೆಸರು ಹಾಕಿ ಪತ್ರ ಬರೆದೆ. ಕೆಲಸ ಹೋಗುತ್ತದೆ ಎಂದು ಹೆದರಿದ್ದೆ, ಒಂದು ಎಚ್ಚರಿಕೆಯ ಕಾಗದ ಬಂತು, ಅಷ್ಟೆ. ಅಂಕ ತಿದ್ದಲು ಅನುಮತಿಯೂ ಸಿಕ್ಕಿತು. ಆದರೆ ಅಷ್ಟರಲ್ಲಿ ಮಗುವಿನ ವಯಸ್ಸು ಮೀರಿದ್ದರಿಂದ ಅದನ್ನು ಮತ್ತೆ ಯೋಜನೆಗೆ ಸೇರಿಸಲು ಬರುವುದಿಲ್ಲ ಎಂದು ಕೆಳಗೆ ಬರೆದಿತ್ತು.

ಆ ಕಾಗದ ಹಿಡಿದು ಅಜ್ಜೀಪುರಕ್ಕೆ ಹೋಗಿ ಓದಿ ಹೇಳಿದೆ. ತಾಯಿ ಪೂರ್ತಿ ಕೇಳಿಸಿಕೊಂಡಳು.

'ಅಕ್ಕ ಇದ್ದಿದ್ರ ಯಾವ ಕಾಗ್ದನೂ ಇಲ್ದೆ ಸುಮ್ನ ಬತ್ತಿದ್ರು ಸಾ' ಎಂದಳು.