ಸೊಂಟಕ್ಕೆ ಪುಡಿ, ಈಲಿಗೆ ಪೆಟ್ಟು

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ನಮ್ಮ ಯಜಮಾನರಿಗೆ ಹತ್ತಿರದ ಕಾರ್ಖಾನೆಯಲ್ಲಿ ಗುಮಾಸ್ತೆ ಕೆಲಸ. ಮನೆಯಲ್ಲಿ ನಾವಿಬ್ಬರು, ನಮ್ಮತ್ತೆ. ನೀರಿಗೆ ಎರಡು ರಸ್ತೆ ಆಚೆಯ ಬೀದಿ ನಲ್ಲಿಗೆ ಹೋಗಬೇಕು. ಹೋಗಬೇಕು ಅಂದರೆ ನಾನು ಹೋಗಬೇಕು. ಬೆಳಗ್ಗೆ ಎಂಟು ಬಿಂದಿಗೆ, ಸಂಜೆ ನಾಲ್ಕು.

ಮದುವೆಯಾದ ಮರುವರ್ಷ ನನಗೆ ಕಾಮಾಲೆ ಬಂದಿತ್ತು. ಕಣ್ಣಿನ ಹಳದಿ ಇಳಿದರೂ ಈಲಿ ಮೊದಲಿನಂತಾಗಲಿಲ್ಲ. ಆಸ್ಪತ್ರೆಯ ಲೇಡಿ ಡಾಕ್ಟರು ಬಲಪಕ್ಕೆಯ ಕೆಳಗೆ ಒತ್ತಿ ನೋಡಿ, ಗಟ್ಟಿಯಾಗಿದೆ, ಇನ್ನು ಮೇಲೆ ಜೋಪಾನ ಎಂದಿದ್ದರು. ಮನೆಗೆ ಬಂದು ಹೇಳಿದೆ. "ಈಲಿಗೆ ಈಲೀನೇ ಮದ್ದು" ಎಂದು ಅತ್ತೆ ಭಾನುವಾರ ಕುರಿ ಈಲಿ ತರಿಸಿ ಹುರಿದರು. ನನ್ನ ತಟ್ಟೆಗೆ ಎರಡು ಚೂರು ಬಿತ್ತು. ಉಳಿದದ್ದು ಯಾವ ಕಾಯಿಲೆಯೂ ಇಲ್ಲದ ಅವರ ಮಗನ ತಟ್ಟೆಗೆ ಹೋಯಿತು.

ಸೊಂಟ ಹಿಡಿದದ್ದು ಅದಾದ ಎರಡು ವರ್ಷಕ್ಕೆ. ತುಂಬಿದ ಬಿಂದಿಗೆ ಎತ್ತಲು ಬಗ್ಗಿದವಳು ಮೇಲೇಳಲಾಗಲಿಲ್ಲ. ನಲ್ಲಿಯ ಹತ್ತಿರ ಇದ್ದ ಇಬ್ಬರು ಹೆಂಗಸರು ತೋಳು ಹಿಡಿದು ಮನೆಗೆ ತಂದು ಬಿಟ್ಟರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಿಂದಿಗೆ ಎಲ್ಲಿ?" ಎಂದು ಕೇಳಿದರು.

ಇದು ಉಳುಕು ಎಂದು ತೀರ್ಮಾನವಾಯಿತು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಉಳುಕು ಬಿಡುತ್ತದಂತೆ. ಅಂಥ ಪುಣ್ಯವಂತೆ ಒಬ್ಬರು ಹಿಂದಿನ ಬೀದಿಯಲ್ಲೇ ಇದ್ದರು. ಬಹಳ ಒಳ್ಳೆಯ ಹೆಂಗಸು. ಮೂರು ಮಂಗಳವಾರ ತಪ್ಪದೆ ಬಂದು, ನಮ್ಮಲ್ಲಿ ಕಾಫಿ ಕುಡಿದು, ನನ್ನ ಸೊಂಟಕ್ಕೆ ಒದ್ದು ಹೋದರು. ನೋವು ಬಿಡಲಿಲ್ಲ. "ನಿಂಗೆ ನಂಬಿಕೆ ಸಾಲ್ದು ಕಣಮ್ಮ" ಎಂದರು.

ಯಜಮಾನರು ಓದಿದವರು. ಒದೆಯಲ್ಲಿ ಅವರಿಗೆ ನಂಬಿಕೆಯಿಲ್ಲ. ಅಂಗಡಿಯಿಂದ ತಲೆನೋವಿನ ಪುಡಿಯ ಪೊಟ್ಟಣಗಳನ್ನು ತಂದುಕೊಟ್ಟರು. "ತಲೆಗಾದ್ರೇನು, ಸೊಂಟಕ್ಕಾದ್ರೇನು, ನೋವು ನೋವೇ ಕಣೇ" ಎಂದರು. ನಿಜ ಹೇಳಬೇಕು, ಪುಡಿ ಕೆಲಸ ಮಾಡಿತು. ನೀರಲ್ಲಿ ಕದಡಿ ಕುಡಿದ ಸ್ವಲ್ಪ ಹೊತ್ತಿಗೆ ಮತ್ತೆ ಬಿಂದಿಗೆ ಹೊರುವಂತಾಗುತ್ತಿದ್ದೆ. ಮನೆಯಲ್ಲಿ ಎಲ್ಲರಿಗೂ ಬೇಕಾದದ್ದು ಅಷ್ಟೇ. ನನಗೂ. ದಿನಕ್ಕೊಂದು ಇದ್ದದ್ದು ನಾಲ್ಕಾಯಿತು. ತಿಂಗಳೊಳಗೆ ಹೊಟ್ಟೆಯುರಿ ಶುರುವಾಯಿತು. ಒಂದು ಬೆಳಗ್ಗೆ ವಾಂತಿಯಲ್ಲಿ ರಕ್ತ ಕಂಡಾಗ ಮಾತ್ರ ಹೆದರಿದೆ.

ಅದೇ ಡಾಕ್ಟರು ಕೆಲವು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಮನೆಗೆ ಕಳಿಸುವ ದಿನ ಯಜಮಾನರನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದರು.

"ಪುಡಿ ಕೊಟ್ಟೋರು ಯಾರು?"

"ಅಂಗಡೀಲಿ ಎಲ್ಲರಿಗೂ ಕೊಡ್ತಾರೆ, ಮೇಡಮ್."

"ಎಲ್ಲರ ಲಿವರ್ರೂ ಇವರದ್ರ ಹಾಗಿರಲ್ಲ. ಇನ್ನು ಅಂಗಡಿ ಪುಡಿ ಬೇಡ, ಯಾರೋ ಕೊಟ್ಟ ಭಸ್ಮಾನೂ ಬೇಡ. ನೋವು ತಡೀಲಾರದ ಹಾಗೆ ಬಂದ್ರೆ ಇಲ್ಲಿಗೆ ಕರ್ಕೊಂಡು ಬನ್ನಿ, ಏನು ಕೊಡಬಹುದು ಅಂತ ನಾನು ನೋಡ್ತೀನಿ. ಹಲಗೆ ಮೇಲೆ ಮಲಗ್ಲಿ, ಶಾಖ ಕೊಡಿ, ನಿಧಾನಕ್ಕೆ ನಡೆದಾಡ್ಲಿ. ಭಾರ ಎತ್ತಬಾರದು. ಮನೇಲಿ ನೀರು ಯಾರು ತರ್ತಾರೆ?"

ಯಜಮಾನರು ನನ್ನ ಕಡೆ ನೋಡಿದರು. ಡಾಕ್ಟರು ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ.

ಮನೆಗೆ ಬಂದು ಅವರು ತಾಯಿಗೆ ವರದಿ ಒಪ್ಪಿಸಿದರು. ಹಲಗೆ, ಶಾಖ, ನಡಿಗೆ. ನೀರಿನ ಮಾತು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

"ಬಿಂದಿಗೆ ಎತ್ತಬಾರದು ಅಂದ್ರಲ್ಲ, ಅದನ್ನೂ ಹೇಳಿ" ಎಂದೆ. ಅತ್ತೆಯೆದುರು ಹಾಗೆ ಬಾಯಿ ಹಾಕಿದ್ದು ಅದೇ ಮೊದಲು.

"ಮತ್ತೆ ಗಂಡಸು ಹೊರ್ತಾನಾ ನೀರ?" ಎಂದರು ಅತ್ತೆ.

"ನಾನು ಹೊತ್ರೆ ಬದುಕಲ್ಲ ಅಂದಿದಾರೆ, ಅತ್ತೆ."

ಡಾಕ್ಟರು ಹಾಗೇನೂ ಅಂದಿರಲಿಲ್ಲ. ಯಜಮಾನರಿಗೆ ಅದು ಗೊತ್ತಿತ್ತು. ಆದರೂ ಅಲ್ಲವೆನ್ನಲಿಲ್ಲ. ಅವರ ಮೇಲೆ ನನಗೆ ಸ್ವಲ್ಪ ಪ್ರೀತಿ ಉಳಿದಿದ್ದರೆ ಆ ಒಂದು ಮೌನದಿಂದ.

ಮರುದಿನದಿಂದ ಸೈಕಲ್ಲಿಗೆ ಬಿಂದಿಗೆ ಕಟ್ಟಿಕೊಂಡು ಅವರೇ ಹೋದರು. ಸಾಲಿನಲ್ಲಿದ್ದ ಹೆಂಗಸರು "ಪಾಪ" ಎಂದು ಅವರನ್ನು ಮುಂದಕ್ಕೆ ಬಿಟ್ಟರಂತೆ. ಮೂರು ವರ್ಷ ಅದೇ ಸಾಲಿನಲ್ಲಿ ನಿಂತಿದ್ದೆ, ನನಗೆ ಯಾರೂ ಪಾಪ ಅಂದಿರಲಿಲ್ಲ. ಹತ್ತನೆಯ ದಿನ ಅವರು ಅರ್ಧ ದಿನ ರಜ ಹಾಕಿ, ಮನೆಗೆ ನಲ್ಲಿ ಬೇಕೆಂದು ಅರ್ಜಿ ಕೊಟ್ಟು ಬಂದರು. ನಾನು ಅದನ್ನು ಎರಡು ವರ್ಷದಿಂದ ಕೇಳುತ್ತಿದ್ದೆ. "ನೀರಿನ ತೊಂದರೆ ಇಷ್ಟಿದೆ ಅಂತ ಗೊತ್ತೇ ಇರ್ಲಿಲ್ಲ ಕಣೇ" ಎಂದರು. ಸುಳ್ಳಲ್ಲ, ಗೊತ್ತಿರಲಿಲ್ಲ.

ಕೆಲವು ತಿಂಗಳಿಗೆ ನಲ್ಲಿ ಬಂತು. ನೋವು ಪೂರ್ತಿ ಹೋಗಲಿಲ್ಲ, ಆದರೆ ಹದಕ್ಕೆ ಬಂತು. ಹಲಗೆಯ ಮೇಲೆ ಮಲಗಿದೆ, ಮರಳು ಹುರಿದು ಗಂಟು ಕಟ್ಟಿ ಶಾಖ ಕೊಟ್ಟುಕೊಂಡೆ, ತೀರಾ ಕೆಟ್ಟ ದಿನ ಡಾಕ್ಟರ ಹತ್ತಿರ ಹೋದೆ. ಸಂಜೆ ಖಾಲಿ ಸೈಟುಗಳ ನಡುವೆ ನಡೆಯುತ್ತಿದ್ದೆ. ಸೊಸೆ ಹವಾ ತಿನ್ನಲು ಹೋಗುತ್ತಾಳೆಂದು ಮೂಗು ಮುರಿಯುತ್ತಿದ್ದ ಅತ್ತೆ ಒಂದು ಸಂಜೆ ತಾವೂ ಹೊರಟರು. ಸ್ವಲ್ಪ ದೂರ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನಿಮಗೂ ನೋವಾ, ಅತ್ತೆ?"

"ನಿನ್ನ ಗಂಡ ಹುಟ್ಟಿದಾಗಿಂದ ಇದೆ."

"ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ" ಎಂದು ನನ್ನ ತೋಳು ಹಿಡಿದುಕೊಂಡರು. ಮೂಲೆಯ ಕಲ್ಲಿನವರೆಗೆ ಹೋಗಿ ಇಬ್ಬರೂ ನಿಧಾನವಾಗಿ ಹಿಂದಿರುಗಿದೆವು.